ಕೋಶಪೊರೆಯ ಚಾನೆಲ್ ಯಾರನ್ನು ಬಿಡುತ್ತದೆ, ಯಾರನ್ನು ತಡೆಯುತ್ತದೆ: ನೋಡಿ ತಿಳಿಯುವ ಒಂದು ದಾರಿ

ಪ್ರೋಟಾನ್, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್, ನೀರಿನ ಅಣುವಿಗಿಂತ ಎಷ್ಟೋ ಚಿಕ್ಕದು. ಆದರೂ ಕೋಶದ ಪೊರೆಯಲ್ಲಿ ನೀರು ಹರಿಯುವ ಪ್ರೋಟೀನ್ ಕೊಳವೆಯಲ್ಲಿ, ಅಂದರೆ ಚಾನೆಲ್‌ನಲ್ಲಿ, ಅದಕ್ಕೆ ಜಾಗವಿಲ್ಲ. ಸೋಡಿಯಂ ಅಯಾನು (ಚಾರ್ಜ್ ಇರುವ ಪರಮಾಣು) ಪೊಟ್ಯಾಸಿಯಂಗಿಂತ ಚಿಕ್ಕದು. ಪೊಟ್ಯಾಸಿಯಂ ಚಾನೆಲ್‌ನಲ್ಲಿ ಅದನ್ನೂ ಬಿಡುವುದಿಲ್ಲ. ವಿಚಿತ್ರ ಅಲ್ವಾ? ಚಾನೆಲ್ ಅಂದರೆ ಜರಡಿ, ಚಿಕ್ಕದು ಹೋಗುತ್ತದೆ, ದೊಡ್ಡದು ನಿಲ್ಲುತ್ತದೆ ಅಂತ ನಮ್ಮ ತಲೆಯಲ್ಲಿ ಕೂತಿರುತ್ತದೆ. ನನ್ನ ತಲೆಯಲ್ಲಂತೂ ಗಟ್ಟಿಯಾಗಿಯೇ ಕೂತಿತ್ತು. ಒಂದು ಪರೀಕ್ಷೆಯಲ್ಲಿ "ಪ್ರೋಟಾನ್ ದೊಡ್ಡದು, ಹಾಗಾಗಿ ಹಿಡಿಸುವುದಿಲ್ಲ" ಎಂದು ಧೈರ್ಯವಾಗಿ ಬರೆದು ಬಂದಿದ್ದೆ. ಆ ಉತ್ತರದ ಮೇಲೆ ಬಿದ್ದ ಕೆಂಪು ಗೆರೆ ಇವತ್ತಿಗೂ ಕಣ್ಣ ಮುಂದಿದೆ.

ಹಾಗಾಗಿ ಇದನ್ನು ಉರು ಹೊಡೆಯದೆ ಕಣ್ಣಾರೆ ನೋಡಿ ಅರ್ಥ ಮಾಡಿಕೊಳ್ಳುವ ದಾರಿ ಹೇಳುತ್ತೇನೆ. ಕಾಗದ, ಪೆನ್ಸಿಲ್, ಇಂಟರ್ನೆಟ್ ಇರುವ ಕಂಪ್ಯೂಟರ್ ಬೇಕು. ಸೂಕ್ಷ್ಮದರ್ಶಕ ಸಿಕ್ಕರೆ ಇನ್ನೂ ಒಳ್ಳೆಯದು. ಜೊತೆಗೆ ಮೂರು ಪ್ರಶ್ನೆ ಇಟ್ಟುಕೊಳ್ಳಿ, ಯಾವ ಚಾನೆಲ್ ಸಿಕ್ಕರೂ ಇವನ್ನೇ ಕೇಳಿ. ಅತಿ ಕಿರಿದಾದ ಜಾಗ ಎಷ್ಟು ಅಗಲ? ಅಲ್ಲಿ ಗೋಡೆಗೆ ಏನು ಅಂಟಿಕೊಂಡಿದೆ? ಒಳಗೆ ಹೋಗುವ ಅಣು ಹೊರಗೆ ಏನನ್ನು ಬಿಟ್ಟು ಬರಬೇಕು, ಒಳಗೆ ಅದಕ್ಕೆ ಬದಲಾಗಿ ಏನು ಸಿಗುತ್ತದೆ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಅಸಲು ವಿಷಯ ಇರುವುದು ಅಲ್ಲೇ.

ಮೊದಲು ಗೋಡೆ

ಬಾಗಿಲಿಗಿಂತ ಮೊದಲು ಗೋಡೆ ನೋಡಿ. ಕೋಶಪೊರೆ ಅಂದರೆ ಕೊಬ್ಬಿನ ಅಣುಗಳ ಎರಡು ಪದರ. ನೀರಿಗೆ ಒಗ್ಗುವ ತಲೆಗಳು ಎರಡೂ ಹೊರಮೈಗೆ, ನೀರಿಗೆ ಆಗದ ಬಾಲಗಳು ಒಳಗೆ. ನಡುವಿನ ಎಣ್ಣೆಯಂಥ ಭಾಗ ಸುಮಾರು 3 ನ್ಯಾನೋಮೀಟರ್ ದಪ್ಪ. ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಅದರಲ್ಲಿ ಕರಗಿ ಆರಾಮಾಗಿ ದಾಟುತ್ತವೆ. ಅಯಾನುಗಳಿಗೆ ಅದು ಹೆಚ್ಚು ಕಡಿಮೆ ಮುಚ್ಚಿದ ಗೋಡೆ. ನೀರು ಮಾತ್ರ ಇವೆರಡರ ನಡುವೆ ಎಲ್ಲೋ ಇದೆ: ದಾಟುತ್ತದೆ, ಆದರೆ ನಿಧಾನ.

ಈ "ದಾಟುತ್ತದೆ" ಅನ್ನುವುದೇ ಬಹಳ ಕಾಲ ಜನರ ದಾರಿ ತಪ್ಪಿಸಿತು. ಹೇಗೂ ದಾಟುತ್ತದಲ್ಲ, ನೀರಿಗೆ ಅಂತ ಬೇರೆ ಬಾಗಿಲು ಯಾಕೆ? ಆದರೆ ಕೆಲವು ಕಡೆ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಕೊಬ್ಬಿನ ಮೂಲಕ ದಾಟಲು ನೀರಿನ ಅಣು ಏರಬೇಕಾದ ಶಕ್ತಿಯ ದಿಬ್ಬ ಒಂದು ಮೋಲ್‌ಗೆ 10 ಕಿಲೋಕ್ಯಾಲರಿಗಿಂತ ಜಾಸ್ತಿ. ಕೆಂಪು ರಕ್ತಕಣದಲ್ಲಿ ಅಳೆದರೆ 5ಕ್ಕಿಂತ ಕಡಿಮೆ ಬರುತ್ತಿತ್ತು. ಅಂದರೆ ತಣ್ಣಗೆ ಮಾಡಿದರೂ ನೀರಿನ ಓಟ ಅಷ್ಟೇನೂ ತಗ್ಗುತ್ತಿರಲಿಲ್ಲ. ಅದೂ ಅಲ್ಲದೆ 1970ರಲ್ಲಿ ಮೇಸಿ ಮತ್ತು ಫಾರ್ಮರ್ ಎಂಬಿಬ್ಬರು ಪಾದರಸದ ಲವಣ ಹಾಕಿದರೆ ರಕ್ತಕಣದೊಳಗೆ ನೀರಿನ ಓಡಾಟ ಕುಸಿಯುತ್ತದೆ ಎಂದು ತೋರಿಸಿದರು. ಪಾದರಸ ಹೋಗಿ ಹಿಡಿದುಕೊಳ್ಳುವುದು ಪ್ರೋಟೀನಿನ ಗಂಧಕವನ್ನು. ಕೊಬ್ಬಿನ ಪದರದಲ್ಲಿ ಅಂಥದ್ದೇನೂ ಇಲ್ಲ. ಹಾಗಾದರೆ ಯಾವುದೋ ಪ್ರೋಟೀನ್ ಇರಲೇಬೇಕು. ಯಾವುದು ಅಂತ ಗೊತ್ತಾಗಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು.

ಎಲೆಯಲ್ಲಿ ನೋಡಿ

ಸೂಕ್ಷ್ಮದರ್ಶಕ ಇದ್ದರೆ ರಿಯೋ ಗಿಡದ ಎಲೆ ತನ್ನಿ, ಮೇಲೆ ಹಸಿರು, ಕೆಳಗೆ ನೇರಳೆ ಇರುವ ಎಲೆ. ಅದನ್ನು ಓರೆಯಾಗಿ ಹರಿದರೆ ಕೆಳಗಿನ ನೇರಳೆ ಸಿಪ್ಪೆ ಅಂಚಿನಲ್ಲಿ ತೆಳ್ಳಗೆ ಬಿಡುತ್ತದೆ. ಒಂದು ಚೂರು ಸಾಕು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಹಾಸಿ, ಮೇಲೆ ಕವರ್‌ಸ್ಲಿಪ್ ಇಟ್ಟು ನೋಡಿ. ಒತ್ತೊತ್ತಾಗಿ ಜೋಡಿಸಿದ ಕೋಶಗಳು, ಪ್ರತಿಯೊಂದರ ತುಂಬ ನೇರಳೆ.

ಈಗ ಗಾಜಿನ ಒಂದು ಅಂಚಿಗೆ ಗಟ್ಟಿ ಉಪ್ಪು ನೀರು ಒಂದು ಹನಿ ಬಿಡಿ, ನೂರು ಮಿಲಿಲೀಟರ್ ನೀರಿಗೆ ಐದು ಗ್ರಾಂ ಉಪ್ಪು ಇದ್ದರೆ ಧಾರಾಳ. ಎದುರಿನ ಅಂಚಿಗೆ ಒತ್ತುಕಾಗದದ ತುದಿ ತಾಗಿಸಿದರೆ ಹಳೆಯ ನೀರನ್ನು ಅದು ಹೀರಿಕೊಂಡು ಉಪ್ಪು ನೀರನ್ನು ಒಳಕ್ಕೆ ಎಳೆಯುತ್ತದೆ. ಕಣ್ಣು ತೆಗೆಯಬೇಡಿ. ಕೆಲವೇ ನಿಮಿಷದಲ್ಲಿ ನೇರಳೆ ಭಾಗ ಮೂಲೆಗಳಿಂದ ಬಿಡಿಸಿಕೊಂಡು ಕುಗ್ಗುತ್ತಾ ನಡುವೆ ಉಂಡೆಯಾಗುತ್ತದೆ. ಹೊರಗಿನ ಗೋಡೆ ಇದ್ದಲ್ಲೇ ಇರುತ್ತದೆ.

ಇಲ್ಲಿ ಎಲ್ಲರೂ ಕುಗ್ಗಿದ್ದನ್ನು ಬರೆದುಕೊಂಡು ಮುಂದೆ ಹೋಗಿಬಿಡುತ್ತಾರೆ. ನೀವು ಬಣ್ಣ ನೋಡಿ. ಮೊದಲಿಗಿಂತ ಗಾಢವಾಗಿದೆ. ನೀರು ಹೊರಗೆ ಹೋಯಿತು, ಬಣ್ಣ ಒಳಗೇ ಉಳಿಯಿತು. ಉಂಡೆಯ ಸುತ್ತ ಖಾಲಿಯಾದ ಜಾಗದಲ್ಲಿ ನೇರಳೆಯ ಸುಳಿವೇ ಇಲ್ಲ. ಪೊರೆ ಆರಿಸಿ ಬಿಡುತ್ತದೆ ಅನ್ನುವುದು ಕಣ್ಣಾರೆ ಕಾಣುವುದು ಇಷ್ಟು ಹತ್ತಿರದಿಂದ. ಮತ್ತೆ ಬರೀ ನೀರು ಹಾಯಿಸಿ, ನೇರಳೆ ಉಬ್ಬಿ ಗೋಡೆಗೆ ಬಂದು ಅಂಟಿಕೊಳ್ಳುತ್ತದೆ. ಉಪ್ಪು ನೀರಿನಲ್ಲಿ ಜಾಸ್ತಿ ಹೊತ್ತು ಬಿಟ್ಟಿದ್ದರೆ ಮಾತ್ರ ವಾಪಸ್ ಬರುವುದು ಕಷ್ಟ.

ಆದರೆ ಈ ಎಲೆ ನೋಡಿ "ಚಾನೆಲ್ ಇದೆ" ಅಂತ ತೀರ್ಮಾನ ಮಾಡಬೇಡಿ. ನೀರು ಕೊಬ್ಬಿನ ಮೂಲಕವೇ ಹೋಗಿದ್ದರೂ ಹೀಗೇ ಕುಗ್ಗುತ್ತಿತ್ತು. ಚಾನೆಲ್ ಇದೆ ಎಂದು ಸಾಬೀತು ಮಾಡಲು ಚಾನೆಲ್ ಇಲ್ಲದ ಕೋಶ ಒಂದು, ಇರುವ ಕೋಶ ಒಂದು ಪಕ್ಕಪಕ್ಕ ಇಡಬೇಕು.

ಒಡೆದ ಮೊಟ್ಟೆ

ಅದನ್ನು ಮಾಡಿದ್ದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಪೀಟರ್ ಆಗ್ರೆ ತಂಡ. ಅವರು ಹುಡುಕುತ್ತಿದ್ದದ್ದು ನೀರಿನ ಬಾಗಿಲನ್ನಲ್ಲ, ರಕ್ತದ ಆರ್‌ಎಚ್ ಪ್ರೋಟೀನನ್ನು, ರಕ್ತದ ಗುಂಪಿಗೆ ಪಾಸಿಟಿವ್, ನೆಗೆಟಿವ್ ಅನ್ನುವುದು ಇದರಿಂದಲೇ. ಅದರ ಜೊತೆ 28 ಕಿಲೋಡಾಲ್ಟನ್ ತೂಕದ ಬೇರೆಯದೊಂದು ಪ್ರೋಟೀನ್ ಪದೇ ಪದೇ ಬರುತ್ತಿತ್ತು. ನೋಡಿದರೆ ಕೆಂಪು ರಕ್ತಕಣದಲ್ಲಿ ಅದು ರಾಶಿ ರಾಶಿ ಇದೆ, ಒಂದೊಂದು ಕಣದಲ್ಲಿ ಸುಮಾರು 2 ಲಕ್ಷ. ಏನು ಕೆಲಸ ಅಂತ ಮಾತ್ರ ತಿಳಿಯದು. ಇದು ನೀರಿನ ಚಾನೆಲ್ ಇರಬಹುದೇನೋ ನೋಡು ಎಂದು ಸೂಚಿಸಿದವರು ಜಾನ್ ಪಾರ್ಕರ್ ಎಂಬ ರಕ್ತವೈದ್ಯರು.

ಕಪ್ಪೆಯ ಅಂಡಾಣುಗಳನ್ನು ತೆಗೆದುಕೊಂಡರು. ಆಫ್ರಿಕಾದ ಝೆನೋಪಸ್ ಕಪ್ಪೆ ಕೊಳದ ನೀರಿನಲ್ಲೇ ಮೊಟ್ಟೆ ಇಡುತ್ತದೆ, ಹಾಗಾಗಿ ಆ ಅಂಡಾಣುವಿನ ಪೊರೆ ನೀರನ್ನು ಬಹಳ ಕಡಿಮೆ ಬಿಡುತ್ತದೆ. ಕೆಲವಕ್ಕೆ ಈ ಪ್ರೋಟೀನಿನ ಆರ್‌ಎನ್‌ಎ (ಅದನ್ನು ನೋಡಿ ಕೋಶ ಪ್ರೋಟೀನ್ ಕಟ್ಟುತ್ತದೆ) ಚುಚ್ಚಿದರು, ಕೆಲವಕ್ಕೆ ಬರೀ ನೀರು. ಕೆಲವು ದಿನ ಬಿಟ್ಟು ಎರಡನ್ನೂ ತೆಳು ದ್ರಾವಣಕ್ಕೆ ಹಾಕಿದರು. ಬರೀ ನೀರು ಚುಚ್ಚಿದವು ಹಾಗೇ ಕೂತಿದ್ದವು. ಪ್ರೋಟೀನ್ ಬಂದಿದ್ದವು ಉಬ್ಬಿ ಉಬ್ಬಿ ಕೆಲವೇ ನಿಮಿಷದಲ್ಲಿ ಒಡೆದುಹೋದವು. ಪಾದರಸ ಹಾಕಿದರೆ ಉಬ್ಬುವುದು ತಗ್ಗಿತು. ಪಾದರಸವನ್ನು ಕಿತ್ತುಹಾಕುವ ರಾಸಾಯನಿಕ ಕೊಟ್ಟರೆ ಮತ್ತೆ ಶುರುವಾಯಿತು. 1992ರಲ್ಲಿ ಪ್ರಕಟವಾದ ಈ ಪ್ರಯೋಗದಷ್ಟು ಅಚ್ಚುಕಟ್ಟಾದದ್ದು ಜೀವವಿಜ್ಞಾನದಲ್ಲಿ ಕಡಿಮೆ, ಇದು ನನ್ನ ಅಭಿಪ್ರಾಯ. ಆ ಪ್ರೋಟೀನಿಗೆ ಈಗಿನ ಹೆಸರು ಅಕ್ವಾಪೊರಿನ್-1. ಆಗ್ರೆಗೆ 2003ರ ರಸಾಯನಶಾಸ್ತ್ರ ನೊಬೆಲ್ ಬಂತು. ಪೊಟ್ಯಾಸಿಯಂ ಚಾನೆಲ್‌ನ ರಾಡರಿಕ್ ಮ್ಯಾಕಿನನ್ ಅವರ ಜೊತೆ ಹಂಚಿಕೊಂಡರು.

ಕಾಗದದ ಮೇಲೆ ಬಿಡಿಸಿ

ಕಂಪ್ಯೂಟರ್ ತೆರೆಯುವ ಮೊದಲು ಅಕ್ವಾಪೊರಿನ್-1ರ ಒಂದು ಚಿತ್ರ ಬರೆಯಿರಿ, ಇಲ್ಲದಿದ್ದರೆ ತೆರೆಯ ಮೇಲೆ ಸುರುಳಿಗಳ ಗೊಂಚಲು ನೋಡಿ ತಲೆ ಕೆಡುತ್ತದೆ. ಎರಡು ಅಡ್ಡ ಗೆರೆ, ಅದು ಪೊರೆ. ನಡುವೆ ಒಂದು ಮರಳು ಗಡಿಯಾರ: ಮೇಲೆ ಅಗಲ ಬಾಯಿ, ಕೆಳಗೆ ಅಗಲ ಬಾಯಿ, ನಡುವೆ ಸುಮಾರು 20 ಆ್ಯಂಗ್‌ಸ್ಟ್ರಾಮ್ (ಹತ್ತು ಸೇರಿದರೆ ಒಂದು ನ್ಯಾನೋಮೀಟರ್) ಉದ್ದದ ಕಿರಿದಾದ ಕೊರಳು. ಪ್ರೋಟೀನಿನ ಸರಪಳಿ ಸುತ್ತಿಕೊಂಡು ಆದ ಆರು ಉದ್ದ ಸುರುಳಿಗಳು ಪೊರೆಯನ್ನು ಪೂರ್ತಿ ದಾಟುತ್ತವೆ. ಅದಲ್ಲದೆ ಎರಡು ಅರ್ಧ ಸುರುಳಿಗಳಿವೆ, ಒಂದು ಮೇಲಿಂದ, ಒಂದು ಕೆಳಗಿಂದ ಬಂದು ನಡುಮಧ್ಯದಲ್ಲಿ ಮೂತಿಗೆ ಮೂತಿ ತಾಗಿಸಿ ನಿಲ್ಲುತ್ತವೆ. ಈ ಮೂತಿಗಳ ಹತ್ತಿರ ಎರಡು ಚುಕ್ಕೆ ಇಟ್ಟು "ಎನ್‌ಪಿಎ" ಅಂತ ಬರೆಯಿರಿ. ಅಲ್ಲಿ ಆಸ್ಪರಜಿನ್, ಪ್ರೋಲಿನ್, ಅಲನಿನ್ ಎಂಬ ಮೂರು ಅಮೈನೋ ಆಮ್ಲಗಳು ಸಾಲಾಗಿವೆ, ಎನ್, ಪಿ, ಎ ಅವುಗಳ ಒಂದಕ್ಷರದ ಸಂಕೇತ. ಅದಕ್ಕಿಂತ ಸ್ವಲ್ಪ ಮೇಲೆ, ಕೋಶದ ಹೊರಗಿನ ಕಡೆ, ಅತಿ ಕಿರಿದಾದ ಜಾಗ. ಅಲ್ಲಿ "ಆರ್ಜಿನಿನ್" ಅಂತ ಬರೆದು ಪಕ್ಕದಲ್ಲಿ ಪ್ಲಸ್ ಚಿಹ್ನೆ ಹಾಕಿ, ಈ ಅಮೈನೋ ಆಮ್ಲಕ್ಕೆ ಧನ ಚಾರ್ಜ್ ಇದೆ.

ಆ ಕಿರಿದಾದ ಜಾಗದ ಅಗಲ ಸುಮಾರು 2.8 ಆ್ಯಂಗ್‌ಸ್ಟ್ರಾಮ್. ನೀರಿನ ಅಣುವಿನ ಅಗಲವೂ ಅಷ್ಟೇ. ಒಂದರ ಹಿಂದೆ ಒಂದು ಸಾಲಾಗಿ ಹೋಗದೆ ಬೇರೆ ದಾರಿಯಿಲ್ಲ. ಇಷ್ಟು ಇಕ್ಕಟ್ಟಿನಲ್ಲೂ ಒಂದು ಚಾನೆಲ್ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣು ದಾಟಿಸುತ್ತದೆ.

ತೆರೆಯ ಮೇಲೆ, ಒಂದೊಂದೇ ಅಣು

ಈಗ ಪ್ರೋಟೀನ್‌ಗಳ ಆಕಾರಗಳನ್ನು ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಜಾಲತಾಣ ತೆರೆದು 1ಜೆ4ಎನ್ ಎಂದು ಹುಡುಕಿ (ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು). ಹಸುವಿನ ರಕ್ತಕಣದಿಂದ ತೆಗೆದ ಅಕ್ವಾಪೊರಿನ್-1 ಇದು, 2.2 ಆ್ಯಂಗ್‌ಸ್ಟ್ರಾಮ್ ಸ್ಪಷ್ಟತೆ, 2001ರದ್ದು. ದುಡ್ಡು ಬೇಡ, ಲಾಗಿನ್ ಬೇಡ. 3ಡಿ ನೋಟ ಒತ್ತಿದರೆ ಬ್ರೌಸರ್‌ನಲ್ಲೇ ತಿರುಗಿಸಿ ನೋಡಬಹುದು.

ನಾಲ್ಕು ಪ್ರೋಟೀನ್ ಒಟ್ಟಿಗೆ ಕಂಡರೆ ಗಾಬರಿ ಬೇಡ, ಇವು ಪೊರೆಯಲ್ಲಿ ನಾಲ್ಕರ ಗುಂಪಾಗಿಯೇ ಇರುತ್ತವೆ. ಆದರೆ ಮೇಲಿನಿಂದ ನೋಡಿದಾಗ ನಾಲ್ಕರ ನಡುವೆ ಒಂದು ತೂತು ಕಾಣುತ್ತದಲ್ಲ, ಅದು ನೀರಿನ ದಾರಿ ಅಲ್ಲ. ನಾನು ಮೊದಲ ಸಲ ಆ ತೂತಿನೊಳಗೆ ನೀರು ಹುಡುಕುತ್ತಾ ಒಂದು ಸಂಜೆ ಕಳೆದಿದ್ದೇನೆ. ನೀರಿನ ದಾರಿ ಪ್ರತಿ ಪ್ರೋಟೀನಿನ ಹೊಟ್ಟೆಯೊಳಗೆ ಬೇರೆ ಬೇರೆಯಾಗಿದೆ, ನಾಲ್ಕಕ್ಕೆ ನಾಲ್ಕು. ಹಾಗಾಗಿ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಮರೆಮಾಡಿ.

ಮೇಲೆ ಅಮೈನೋ ಆಮ್ಲಗಳ ಅಕ್ಷರಮಾಲೆ ಇರುತ್ತದೆ. ಅದರಲ್ಲಿ 197 ಒತ್ತಿ. ಚಿತ್ರ ಹತ್ತಿರ ಬಂದು ಆರ್ಜಿನಿನ್ ಕಾಣುತ್ತದೆ, ತುದಿಯಲ್ಲಿ ನೀಲಿ ನೈಟ್ರೋಜನ್‌ಗಳು. ಸುತ್ತ ನೋಡಿ: 182ರ ಹಿಸ್ಟಿಡಿನ್, 58ರ ಫಿನೈಲ್‌ಅಲನಿನ್, 191ರ ಸಿಸ್ಟೀನ್. ಈ ನಾಲ್ಕು ಸೇರಿ ಕಟ್ಟಿದ ಉಂಗುರವೇ ಕಿರಿದಾದ ಜಾಗ. ಆ ಸಿಸ್ಟೀನಿನ ಗಂಧಕಕ್ಕೇ ಪಾದರಸ ಹೋಗಿ ಅಂಟಿ ದಾರಿ ಮುಚ್ಚುವುದು. 1970ರ ಒಗಟು ಕಣ್ಣೆದುರೇ ಬಿಡಿಸಿಕೊಂಡಿತು. ಒಂದು ಎಚ್ಚರಿಕೆ: ಮನುಷ್ಯನ ಅಕ್ವಾಪೊರಿನ್-1ರ ಬಗ್ಗೆ ಓದುವಾಗ ಇವೇ ಅಮೈನೋ ಆಮ್ಲಗಳು 195, 180, 56, 189 ಎಂದು ಬರುತ್ತವೆ. ಹಸುವಿನದಕ್ಕೆ ಎರಡು ಸಂಖ್ಯೆ ಜಾಸ್ತಿ, ಅಷ್ಟೇ. ಯಾವ ಪ್ರಾಣಿಯ ಸಂಖ್ಯೆ ಅಂತ ನೋಡದೆ ಹುಡುಕಿದರೆ ಸುಮ್ನೆ ಗೊಂದಲ.

ಇನ್ನು 78 ಮತ್ತು 194 ಒತ್ತಿ. ಎರಡೂ ಆಸ್ಪರಜಿನ್, ಕಾಗದದಲ್ಲಿ ಇಟ್ಟ ಎರಡು ಚುಕ್ಕೆ. ಎರಡರ ತುದಿಯೂ ಕೊಳವೆಯೊಳಕ್ಕೆ ಚಾಚಿಕೊಂಡಿವೆ. ಕೊಳವೆಯ ಉಳಿದ ಗೋಡೆ ಗಮನಿಸಿ: ಒಂದು ಬದಿ ಪೂರ್ತಿ ನೀರಿಗೆ ಆಗದ ನುಣುಪು ಗೋಡೆ. ಇನ್ನೊಂದು ಬದಿಯಲ್ಲಿ ಆಕ್ಸಿಜನ್‌ಗಳು, ಕೆಂಪು ಬಣ್ಣದವು, ಮೆಟ್ಟಿಲಿನ ಹಾಗೆ ಸಾಲಾಗಿವೆ. ಮೂರನೆಯ ಪ್ರಶ್ನೆ ಇಲ್ಲಿ ಕೇಳಿ. ಹೊರಗೆ ನೀರಿನ ಅಣು ಸುತ್ತಲಿನ ಅಣುಗಳ ಜೊತೆ ಹೈಡ್ರೋಜನ್ ಬಂಧದಿಂದ ಕೈ ಹಿಡಿದುಕೊಂಡಿರುತ್ತದೆ. ಕೊಳವೆಗೆ ಬರಬೇಕಾದರೆ ಆ ಕೈಗಳಲ್ಲಿ ಕೆಲವನ್ನು ಬಿಡಬೇಕು. ಬದಲಿಗೆ ಈ ಮೆಟ್ಟಿಲುಗಳು ಕೈ ಕೊಡುತ್ತವೆ. ಎಷ್ಟು ಬೇಕೋ ಅಷ್ಟೇ. ಎಲ್ಲಾ ಬದಿಯೂ ಅಂಟಿಕೊಳ್ಳುವ ಗೋಡೆಯಾಗಿದ್ದರೆ ನೀರು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಎಲ್ಲಾ ಬದಿಯೂ ನುಣುಪಾಗಿದ್ದರೆ ಒಳಗೆ ಬರಲು ಬಹಳ ಶಕ್ತಿ ತೆರಬೇಕಾಗಿತ್ತು.

ಪ್ರೋಟಾನ್ ಯಾಕೆ ಹೋಗುವುದಿಲ್ಲ

ನೀರಿನಲ್ಲಿ ಪ್ರೋಟಾನ್ ಈಜಿಕೊಂಡು ಹೋಗುವುದಿಲ್ಲ, ಜಿಗಿದುಕೊಂಡು ಹೋಗುತ್ತದೆ. ಒಂದು ನೀರಿನ ಅಣುವಿಗೆ ಈ ಕಡೆಯಿಂದ ಒಂದು ಪ್ರೋಟಾನ್ ಬಂದು ಸೇರಿದರೆ ಅದು ಆ ಕಡೆಯಿಂದ ಬೇರೊಂದನ್ನು ಪಕ್ಕದ ಅಣುವಿಗೆ ದಾಟಿಸುತ್ತದೆ. ಗ್ರೋಥಸ್ 1806ರಲ್ಲೇ ಇಂಥ ಒಂದು ಯೋಚನೆ ಮುಂದಿಟ್ಟಿದ್ದರು, ಈಗಲೂ ಇದಕ್ಕೆ ಅವರದೇ ಹೆಸರು. ಹಾಗಾದರೆ ನೀರು ಸಾಲಾಗಿ ನಿಂತ ಕೊಳವೆ ಪ್ರೋಟಾನ್‌ಗೆ ಹೇಳಿ ಮಾಡಿಸಿದ ತಂತಿಯಾಗಬೇಕಿತ್ತು. ಆಗಿದ್ದರೆ ಕೋಶ ಬದುಕುತ್ತಿರಲಿಲ್ಲ. ಪೊರೆಯ ಎರಡು ಬದಿಗೆ ಪ್ರೋಟಾನ್‌ಗಳ ವ್ಯತ್ಯಾಸ ಇಟ್ಟುಕೊಂಡೇ ಎಷ್ಟೋ ಕೆಲಸ ನಡೆಯುವುದು.

ಪೆನ್ಸಿಲ್ ತೆಗೆದುಕೊಂಡು ಕಾಗದದ ಕೊಳವೆಯೊಳಗೆ ಏಳು ನೀರಿನ ಅಣು ಸಾಲಾಗಿ ಬರೆಯಿರಿ. ನಡುವಿನ ಅಣುವಿನ ಆಕ್ಸಿಜನ್ ಎನ್‌ಪಿಎ ಆಸ್ಪರಜಿನ್‌ಗಳ ಕಡೆ ತಿರುಗಿರಲಿ. ಅದರ ಎರಡು ಹೈಡ್ರೋಜನ್ ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಮೇಲಿನ ಮೂರು ಅಣುಗಳ ಹೈಡ್ರೋಜನ್ ಮೇಲಕ್ಕೆ ಮುಖ ಮಾಡಿರಲಿ, ಕೆಳಗಿನ ಮೂರರದ್ದು ಕೆಳಕ್ಕೆ. ನೀರಿನ ಅಣು ದಾಟುವಾಗ ನಡುವೆ ಬಂದು ಹೀಗೆ ಮಗ್ಗುಲು ಬದಲಾಯಿಸುತ್ತದೆ ಎಂದು 2001 ಮತ್ತು 2002ರ ಕಂಪ್ಯೂಟರ್ ಲೆಕ್ಕಾಚಾರಗಳು ತೋರಿಸಿದವು. ಈಗ ಮೇಲಿನಿಂದ ಒಂದು ಪ್ರೋಟಾನ್ ಜಿಗಿಸಲು ನೋಡಿ. ಎದುರಿಗೆ ಸಿಗುವುದು ಹೈಡ್ರೋಜನ್, ಆಕ್ಸಿಜನ್ ಅಲ್ಲ. ಹಿಡಿದುಕೊಳ್ಳಲು ಕೈಯೇ ಇಲ್ಲ.

ಮೊದಮೊದಲು ಇದೇ ಪೂರ್ತಿ ಉತ್ತರ ಅಂದುಕೊಂಡಿದ್ದರು, ಈಗಲೂ ಎಷ್ಟೋ ಪುಸ್ತಕಗಳಲ್ಲಿ ಹಾಗೇ ಇದೆ. ಅಷ್ಟೇ ಅಲ್ಲ. ಅರ್ಧ ಸುರುಳಿಗಳ ಮೂತಿಯಲ್ಲಿ ಸಹಜವಾಗಿ ಸ್ವಲ್ಪ ಧನ ವಿದ್ಯುತ್ ಇರುತ್ತದೆ, ಅಂಥ ಎರಡು ಮೂತಿ ಒಂದೇ ಕಡೆ ಸೇರಿವೆ. ಮೇಲೆ ಆರ್ಜಿನಿನ್‌ನ ಪ್ಲಸ್ ಬೇರೆ. ಪ್ಲಸ್ ಆದ ಪ್ರೋಟಾನನ್ನು ಇವೆಲ್ಲ ತಳ್ಳುತ್ತವೆ. ನೀರು ಮಗ್ಗುಲು ಬದಲಾಯಿಸುವುದೂ ಇದೇ ವಿದ್ಯುತ್ತಿನಿಂದ. 2006ರಲ್ಲಿ ಆರ್ಜಿನಿನ್ ತೆಗೆದು ಚಾರ್ಜ್ ಇಲ್ಲದ ವ್ಯಾಲಿನ್ ಇಟ್ಟು ನೋಡಿದಾಗ ಪ್ರೋಟಾನ್ ಸೋರಿತು. ಅದೇ ಉಂಗುರದ ಫಿನೈಲ್‌ಅಲನಿನ್, ಹಿಸ್ಟಿಡಿನ್ ಎರಡನ್ನೂ ಚಿಕ್ಕ ಅಲನಿನ್‌ಗೆ ಬದಲಾಯಿಸಿ ಬಾಯಿ ಅಗಲ ಮಾಡಿದಾಗ ಗ್ಲಿಸರಾಲ್, ಯೂರಿಯಾ ದಾಟಿದವು. ಅಂದರೆ ಗಾತ್ರ ತಡೆಯುವುದು ಕೆಲವರನ್ನು, ಚಾರ್ಜ್ ತಡೆಯುವುದು ಬೇರೆಯವರನ್ನು, ಎರಡೂ ಒಂದೇ ಉಂಗುರದಲ್ಲಿ.

ಇನ್ನೆರಡು ಚಾನೆಲ್ ತೆರೆದು ಹೋಲಿಸಿ

1ಎಫ್‌ಎಕ್ಸ್8 ತೆರೆಯಿರಿ. ಇ. ಕೋಲೈ ಬ್ಯಾಕ್ಟೀರಿಯಾದ ಗ್ಲಿಸರಾಲ್ ಚಾನೆಲ್, ಅಕ್ವಾಪೊರಿನ್‌ನ ದಾಯಾದಿ. ಆಕಾರ ಹೆಚ್ಚು ಕಡಿಮೆ ಅದೇ. ಕಿರಿದಾದ ಜಾಗ ಮಾತ್ರ ಸ್ವಲ್ಪ ಅಗಲ, ಸುಮಾರು 3.4 ಆ್ಯಂಗ್‌ಸ್ಟ್ರಾಮ್. ಹಿಸ್ಟಿಡಿನ್ ಇದ್ದ ಕಡೆ ಖಾಲಿ. 48ರ ಟ್ರಿಪ್ಟೋಫ್ಯಾನ್, 200ರ ಫಿನೈಲ್‌ಅಲನಿನ್ ಸೇರಿ ಎಣ್ಣೆಮೂಲೆ ಮಾಡಿವೆ, ಎದುರಿಗೆ 206ರ ಆರ್ಜಿನಿನ್. ಒಳಗೆ ಗ್ಲಿಸರಾಲ್ ಸಿಕ್ಕಿಕೊಂಡೇ ಇದೆ, ಹತ್ತಿರ ಹೋಗಿ ನೋಡಿ: ಇಂಗಾಲದ ಬೆನ್ನು ಎಣ್ಣೆಮೂಲೆಗೆ ಒರಗಿದೆ, ಆಕ್ಸಿಜನ್‌ಗಳು ಆರ್ಜಿನಿನ್ ಕಡೆ ಚಾಚಿವೆ. ಇದನ್ನೊಮ್ಮೆ ನೋಡಿದ ಮೇಲೆ ಜರಡಿ ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಆಮೇಲೆ 1ಕೆ4ಸಿ, ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ಚಾನೆಲ್. ಇಲ್ಲಿ ನಾಲ್ಕು ಸರಪಳಿ ಸೇರಿ ನಡುವೆ ಒಂದೇ ದಾರಿ. ಹೌದು, ಅಕ್ವಾಪೊರಿನ್‌ಗೆ ಪೂರ್ತಿ ಉಲ್ಟಾ. ಕಿರಿದಾದ ಕೊರಳಲ್ಲಿ ಆಕ್ಸಿಜನ್‌ಗಳು ಅಂತಸ್ತು ಅಂತಸ್ತಾಗಿ ಒಳಮುಖವಾಗಿವೆ. ಪ್ರತಿ ಪೊಟ್ಯಾಸಿಯಂ ಸುತ್ತ ಎಂಟು ಆಕ್ಸಿಜನ್ ಎಣಿಸಬಹುದು. ನೀರಿನಲ್ಲಿದ್ದಾಗ ಅದರ ಸುತ್ತ ನೀರಿನ ಅಣುಗಳು ಹೇಗಿದ್ದವೋ ಹಾಗೇ. ಹೊರಗೆ ನೀರಿನ ಹೊದಿಕೆ ಕಳಚಿದ್ದಕ್ಕೆ ಒಳಗೆ ಅದೇ ಅಳತೆಯ ಹೊದಿಕೆ. ಚಿಕ್ಕದಾದ ಸೋಡಿಯಂ ತನ್ನ ನೀರನ್ನು ಇನ್ನೂ ಬಿಗಿಯಾಗಿ ಹಿಡಿದಿರುತ್ತದೆ, ಇಲ್ಲಿನ ಹೊದಿಕೆ ಅದಕ್ಕೆ ದೊಗಲೆ. ಬಿಟ್ಟಿದ್ದಕ್ಕೆ ತಕ್ಕ ಬದಲು ಸಿಗದಿದ್ದರೆ ಯಾಕೆ ಬರುತ್ತದೆ? ಇದು ಸಾಮಾನ್ಯವಾಗಿ ಕೊಡುವ ವಿವರಣೆ.

ಜನ ಎಡವುವ ಒಂದು ಜಾಗ

ಚಾನೆಲ್ ಪಂಪ್ ಅಲ್ಲ. ನೀರು ಒಳಗೆ ಹೋಗಬೇಕೋ ಹೊರಗೆ ಬರಬೇಕೋ ಅದು ತೀರ್ಮಾನಿಸುವುದಿಲ್ಲ. ಎರಡು ಬದಿಯ ದ್ರಾವಣ ತೀರ್ಮಾನಿಸುತ್ತದೆ. ರಿಯೋ ಎಲೆಯಲ್ಲಿ ಉಪ್ಪು ಹಾಕಿದಾಗ ಹೊರಗೆ, ತೆಗೆದಾಗ ಒಳಗೆ ಹೋದದ್ದು ನೆನಪಿದೆಯಲ್ಲ? ದೇಹ ಹತೋಟಿ ಮಾಡುವುದು ಬಾಗಿಲುಗಳ ಸಂಖ್ಯೆಯನ್ನು. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಮೂತ್ರವಾಗಿ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ದೇಹದಲ್ಲಿ ನೀರು ಕಡಿಮೆಯಾದಾಗ ವ್ಯಾಸೊಪ್ರೆಸಿನ್ ಹಾರ್ಮೋನ್ ಬಂದು, ಕೋಶದೊಳಗೆ ಚೀಲಗಳಲ್ಲಿ ಕಾಯುತ್ತಿದ್ದ ಅಕ್ವಾಪೊರಿನ್-2ನ್ನು ಪೊರೆಗೆ ಕಳಿಸುತ್ತದೆ, ನೀರು ವಾಪಸ್ ಬರುತ್ತದೆ. ಈ ಬಾಗಿಲು ಕೆಟ್ಟು ಹುಟ್ಟಿದವರಿಗೆ ದಿನಕ್ಕೆ ಹತ್ತು ಲೀಟರ್ ದಾಟಿ ಮೂತ್ರ ಹೋಗುವುದುಂಟು.

ಕಲಿತದ್ದು ಕೂತಿದೆಯಾ ನೋಡಲು ಯೂರಿಯಾ ತೆಗೆದುಕೊಳ್ಳಿ. ಚಪ್ಪಟೆ ಅಣು, ಚಾರ್ಜ್ ಇಲ್ಲ, ನೀರಿಗಿಂತ ದೊಡ್ಡದು. ಅದನ್ನು ಮಾತ್ರ ಬಿಡುವ ಚಾನೆಲ್ ನೀವೇ ಕಟ್ಟಬೇಕಾದರೆ ಗೋಡೆ ಹೇಗಿಡುತ್ತೀರಿ ಅಂತ ಮೊದಲು ಪೆನ್ಸಿಲಿನಲ್ಲಿ ಬಿಡಿಸಿ. ಆಮೇಲೆ ಅದೇ ಡೇಟಾ ಬ್ಯಾಂಕ್‌ನಲ್ಲಿ ಹಸುವಿನ ಯೂರಿಯಾ ಚಾನೆಲ್ ಯುಟಿ-ಬಿ ಹುಡುಕಿ ನೋಡಿ. ಅಲ್ಲಿರುವುದು ದುಂಡು ತೂತಲ್ಲ, ಸೀಳು: ಎರಡು ಬದಿಗೆ ನುಣುಪು ಗೋಡೆ, ನಡುವೆ ಚಪ್ಪಟೆ ಅಣು ನುಸುಳುವಷ್ಟೇ ಸಂದು, ಅಂಚಿನಲ್ಲಿ ಕೈ ಕೊಡಲು ಆಕ್ಸಿಜನ್‌ಗಳ ಸಾಲು.